ಸರ್ವರಿನಲ್ಲಿ ಚಿತ್ರ ಸಂಸ್ಕರಣೆ: ಅಳವಡಿಕೆ ಸುಲಭ, ಕಾವಲು ಅನಿವಾರ್ಯ

ಜಾಲತಾಣದ ಪುಟದಲ್ಲಿ ಕಾಣುವ ಚಿತ್ರವು ಛಾಯಾಗ್ರಾಹಕರು ಕಳುಹಿಸಿದ ಮೂಲ ಚಿತ್ರವೇ ಆಗಿರುವುದು ವಿರಳ. ಮೊಬೈಲ್ ಫೋನಿನಲ್ಲಿ ತೆಗೆದ 12 ಮೆಗಾಪಿಕ್ಸೆಲ್ ಚಿತ್ರದ ಕಡತ ಹಲವು ಮೆಗಾಬೈಟ್‌ಗಳಷ್ಟು ದೊಡ್ಡದಾಗಿರುತ್ತದೆ. ಅದನ್ನು ಹಾಗೆಯೇ ಪುಟದಲ್ಲಿ ಇರಿಸಿದರೆ, ಅಂತರ್ಜಾಲ ಸಂಪರ್ಕ ದುರ್ಬಲವಾಗಿರುವ ಊರುಗಳ ಓದುಗರಿಗೆ ಪುಟ ತೆರೆಯುವುದೇ ಪ್ರಯಾಸವಾದೀತು. ಆದ್ದರಿಂದ ಮೂಲ ಚಿತ್ರವನ್ನು ಕುಗ್ಗಿಸಿ, ಕತ್ತರಿಸಿ, ಮುಖಪುಟಕ್ಕೊಂದು, ಒಳಪುಟಕ್ಕೊಂದು, ಸುದ್ದಿಪಟ್ಟಿಗೊಂದು ಎಂದು ಹಲವು ಅಳತೆಯ ಪ್ರತಿಗಳನ್ನು ಸಿದ್ಧಪಡಿಸುವ ಹೊಣೆ ಸರ್ವರಿನ ಮೇಲೆ ಬೀಳುತ್ತದೆ.

ಲಿನಕ್ಸ್ ಸರ್ವರುಗಳಲ್ಲಿರುವ ಸಣ್ಣ ಜಾಲತಾಣಗಳಲ್ಲಿ ಬಹಳಷ್ಟು ಪಿಎಚ್‌ಪಿ ಭಾಷೆಯಲ್ಲಿ ರಚಿತವಾದವು. ಚಿತ್ರವನ್ನು ಕುಗ್ಗಿಸುವ, ಕತ್ತರಿಸುವ ಸಾಮರ್ಥ್ಯ ಪಿಎಚ್‌ಪಿಯ ಮೂಲ ತಿರುಳಿನಲ್ಲಿ ಇಲ್ಲ. ಎಕ್ಸ್‌ಟೆನ್ಷನ್ ಎಂದು ಕರೆಯಲಾಗುವ ಪೂರಕ ಘಟಕವನ್ನು ಜೋಡಿಸಿ ಅದನ್ನು ಒದಗಿಸಬೇಕು. ವರ್ಡ್‌ಪ್ರೆಸ್ ಬಳಸುವವರಿಗೆ ಈ ವಿಷಯ ಎದುರಾಗುವುದು ‘ಸೈಟ್ ಹೆಲ್ತ್’ ಪುಟದಲ್ಲಿ. ಇಮ್ಯಾಜಿಕ್ ಎಂಬ ಘಟಕ ಅಳವಡಿಕೆಯಾಗಿಲ್ಲ ಎಂಬ ಸೂಚನೆ ಅಲ್ಲಿ ಮೂಡುತ್ತದೆ. ಸೂಚನೆಯನ್ನು ಕಂಡವರು ಒಂದು ಸಾಲಿನ ಆದೇಶ ನೀಡಿ ಘಟಕವನ್ನು ಅಳವಡಿಸುತ್ತಾರೆ. ಸೂಚನೆ ಮಾಯವಾದೊಡನೆ ಕೆಲಸ ಮುಗಿಯಿತೆಂದು ಭಾವಿಸುವವರೇ ಹೆಚ್ಚು.

ಆದರೆ ಆ ಒಂದು ಸಾಲು, ಅಪರಿಚಿತರು ಕಳುಹಿಸಿದ ಕಡತವನ್ನು ಸರ್ವರಿನ ಒಳಗೇ ಬಿಚ್ಚಿ ಓದುವ ಅಧಿಕಾರವನ್ನು ಒಂದು ದೊಡ್ಡ ತಂತ್ರಾಂಶಕ್ಕೆ ನೀಡಿರುತ್ತದೆ. ಆ ಅಧಿಕಾರದ ಮಿತಿಯೇನು ಎಂಬುದನ್ನು ನಿರ್ಧರಿಸುವುದೇ ಅಳವಡಿಕೆಯ ನಿಜವಾದ ಭಾಗ.

ಎರಡು ಮುಖ್ಯ ಆಯ್ಕೆಗಳು

ಪಿಎಚ್‌ಪಿಯಲ್ಲಿ ಚಿತ್ರ ಸಂಸ್ಕರಣೆಗೆ ಹೆಚ್ಚಾಗಿ ಬಳಕೆಯಲ್ಲಿರುವ ಘಟಕಗಳು ಎರಡು: ಜಿಡಿ ಮತ್ತು ಇಮ್ಯಾಜಿಕ್.

ಜಿಡಿ ಗ್ರಂಥಾಲಯವನ್ನು ರಚಿಸಿದವರು ಥಾಮಸ್ ಬೌಟೆಲ್. ಜಿಫ್ ಚಿತ್ರಗಳನ್ನು ರಚಿಸಲೆಂದು ಹುಟ್ಟಿದ ಈ ತಂತ್ರಾಂಶವು, ಜಿಫ್ ಹಿಂದಿದ್ದ ಸಂಕೋಚನ ವಿಧಾನದ ಮೇಲೆ ಯೂನಿಸಿಸ್ ಸಂಸ್ಥೆಗಿದ್ದ ಪೇಟೆಂಟ್‌ನ ಕಾರಣ 1999ರಲ್ಲಿ ಜಿಫ್ ಬರೆಯುವ ಸೌಲಭ್ಯವನ್ನೇ ಕೈಬಿಡಬೇಕಾಯಿತು. ಪೇಟೆಂಟ್‌ಗಳ ಅವಧಿ ಮುಗಿದ ಬಳಿಕ 2004ರಲ್ಲಿ ಆ ಸೌಲಭ್ಯ ಮರಳಿತು. 2002ರ ಕೊನೆಯಲ್ಲಿ ಬಂದ ಪಿಎಚ್‌ಪಿ 4.3ರಿಂದ ಜಿಡಿಯ ಒಂದು ಪ್ರತಿ ಪಿಎಚ್‌ಪಿಯ ಜೊತೆಯಲ್ಲೇ ಬರುತ್ತಿದೆ. ಜೆಪೆಗ್, ಪಿಎನ್‌ಜಿ, ಜಿಫ್, ವೆಬ್‌ಪಿ ಮೊದಲಾದ ಕೆಲವೇ ಮಾದರಿಗಳನ್ನು ಇದು ಬಲ್ಲದು. ಕುಗ್ಗಿಸುವುದು, ಕತ್ತರಿಸುವುದು, ತಿರುಗಿಸುವುದು ಇದರಿಂದ ಸಾಧ್ಯ.

ಇಮ್ಯಾಜಿಕ್ ಘಟಕವು ಇಮೇಜ್‌ಮ್ಯಾಜಿಕ್ ಎಂಬ ಬೃಹತ್ ತಂತ್ರಾಂಶಕ್ಕೆ ಪಿಎಚ್‌ಪಿಯಿಂದ ಹಾಕಿದ ಸೇತುವೆ. ಡುಪಾಂಟ್ ಸಂಸ್ಥೆಯಲ್ಲಿದ್ದ ಜಾನ್ ಕ್ರಿಸ್ಟಿ 1987ರಲ್ಲಿ ಇದರ ರಚನೆ ಆರಂಭಿಸಿದರು. 1990ರಲ್ಲಿ ಇದು ಸಾರ್ವಜನಿಕರಿಗೆ ಮುಕ್ತವಾಯಿತು. ಇದು ನೂರಕ್ಕೂ ಹೆಚ್ಚು ಮಾದರಿಯ ಕಡತಗಳನ್ನು ಓದಬಲ್ಲದು. ಬಣ್ಣಗಳ ನಿರ್ವಹಣೆಯಲ್ಲಿಯೂ ಕುಗ್ಗಿಸಿದ ಚಿತ್ರದ ಸ್ಪಷ್ಟತೆಯಲ್ಲಿಯೂ ಇದಕ್ಕೆ ಒಳ್ಳೆಯ ಹೆಸರಿದೆ. 2012ರಲ್ಲಿ ಬಂದ ವರ್ಡ್‌ಪ್ರೆಸ್ 3.5ರಿಂದ, ಎರಡೂ ಘಟಕಗಳು ಲಭ್ಯವಿದ್ದಲ್ಲಿ ಇಮ್ಯಾಜಿಕ್‌ಗೇ ಮೊದಲ ಮಣೆ ಸಿಗುತ್ತಿದೆ.

ಜೆಪೆಗ್ ಚಿತ್ರಗಳನ್ನು ಕುಗ್ಗಿಸುವುದಷ್ಟೇ ಅಗತ್ಯವಿದ್ದರೆ ಜಿಡಿ ಸಾಕು. ಬಣ್ಣದ ನಿಷ್ಠೆ, ಪಿಡಿಎಫ್‌ನ ಮೊದಲ ಪುಟದ ಚಿತ್ರ, ಚಿತ್ರದ ಮೇಲೆ ಕನ್ನಡ ಅಕ್ಷರಗಳ ಬರವಣಿಗೆ ಮುಂತಾದವು ಬೇಕಿದ್ದರೆ ಇಮ್ಯಾಜಿಕ್ ಉಚಿತ. ಆದರೆ ಓದಬಲ್ಲ ಮಾದರಿಗಳು ಹೆಚ್ಚಿದಷ್ಟೂ ದೋಷ ನುಸುಳಬಲ್ಲ ದಾರಿಗಳೂ ಹೆಚ್ಚುತ್ತವೆ ಎಂಬುದನ್ನು ಆಯ್ಕೆಯ ಹೊತ್ತಿನಲ್ಲೇ ಗಮನದಲ್ಲಿಡಬೇಕು.

ಅಳವಡಿಕೆಯ ಕ್ರಮ

ಡೆಬಿಯನ್ ಮತ್ತು ಉಬುಂಟು ಸರ್ವರುಗಳಲ್ಲಿ ಅಳವಡಿಕೆ ಅತ್ಯಂತ ಸರಳ. ನಿರ್ವಾಹಕರ ಅಧಿಕಾರದಲ್ಲಿ ‘ಆಪ್ಟ್ ಅಪ್‌ಡೇಟ್’ ಆದೇಶದಿಂದ ಪೊಟ್ಟಣಗಳ ಪಟ್ಟಿಯನ್ನು ನವೀಕರಿಸಿ, ಬಳಿಕ ‘ಆಪ್ಟ್ ಇನ್‌ಸ್ಟಾಲ್’ ಆದೇಶಕ್ಕೆ ‘ಪಿಎಚ್‌ಪಿ-ಇಮ್ಯಾಜಿಕ್’ ಅಥವಾ ‘ಪಿಎಚ್‌ಪಿ-ಜಿಡಿ’ ಎಂಬ ಹೆಸರನ್ನು ನೀಡಿದರೆ ಸಾಕು. ಅವಲಂಬಿತ ಗ್ರಂಥಾಲಯಗಳೂ ಜೊತೆಯಲ್ಲೇ ಬರುತ್ತವೆ. ರೆಡ್ ಹ್ಯಾಟ್ ಬಳಗದ ಆಲ್ಮಾ, ರಾಕಿ ಲಿನಕ್ಸ್‌ಗಳಲ್ಲಿ ಜಿಡಿ ಮುಖ್ಯ ಭಂಡಾರದಲ್ಲೇ ಸಿಗುತ್ತದೆ. ಇಮೇಜ್‌ಮ್ಯಾಜಿಕ್‌ಗಾಗಿ ಎಪೆಲ್ ಎಂಬ ಪೂರಕ ಭಂಡಾರವನ್ನು ಸೇರಿಸಿಕೊಳ್ಳಬೇಕು.

ಪೊಟ್ಟಣ ಸಿಗದಿದ್ದಲ್ಲಿ ಮೂಲ ಸಂಕೇತದಿಂದಲೇ ಘಟಕವನ್ನು ಕಟ್ಟಿಕೊಳ್ಳಬಹುದು. ಇದಕ್ಕೆ ಬಹುಕಾಲದಿಂದ ಪೆಕಲ್ ಎಂಬ ಸಾಧನ ಬಳಕೆಯಲ್ಲಿದೆ. ಅದರ ಸ್ಥಾನಕ್ಕೆ ಪೈ ಎಂಬ ಹೊಸ ಸಾಧನ ಬರುತ್ತಿದೆ. ಈ ದಾರಿ ಹಿಡಿದರೆ ಸಿ ಭಾಷೆಯ ಕಂಪೈಲರ್, ಪಿಎಚ್‌ಪಿಯ ಅಭಿವೃದ್ಧಿ ಕಡತಗಳು ಹಾಗೂ ಇಮೇಜ್‌ಮ್ಯಾಜಿಕ್‌ನ ಅಭಿವೃದ್ಧಿ ಕಡತಗಳು ಮೊದಲೇ ಇರಬೇಕು. ಹೀಗೆ ಕಟ್ಟಿದ ಘಟಕವು ಆಪ್ಟ್ ನೀಡುವ ನಿತ್ಯದ ಭದ್ರತಾ ನವೀಕರಣದ ವ್ಯಾಪ್ತಿಗೆ ಬರುವುದಿಲ್ಲ. ಪಿಎಚ್‌ಪಿಯ ಆವೃತ್ತಿ ಬದಲಾದಾಗ ಮತ್ತೆ ಕಟ್ಟಬೇಕಾಗುತ್ತದೆ. ಆದ್ದರಿಂದ ಪೊಟ್ಟಣ ಲಭ್ಯವಿರುವಲ್ಲಿ ಪೊಟ್ಟಣವನ್ನೇ ಬಳಸುವುದು ಲೇಸು.

ಅಳವಡಿಕೆಯ ನಂತರ ಪಿಎಚ್‌ಪಿ-ಎಫ್‌ಪಿಎಂ ಅಥವಾ ಅಪಾಚೆ ಸೇವೆಯನ್ನು ಮರು ಆರಂಭಿಸಬೇಕು. ಅನೇಕರು ಎಡವುವುದು ಇಲ್ಲಿಯೇ. ಆದೇಶ ಸಾಲಿನಲ್ಲಿ ‘ಪಿಎಚ್‌ಪಿ’ ಪದದ ಮುಂದೆ ಎಂ ಸೂಚಕವನ್ನು ನೀಡಿದಾಗ ಮೂಡುವ ಘಟಕಗಳ ಪಟ್ಟಿಯಲ್ಲಿ ಇಮ್ಯಾಜಿಕ್ ಇರುತ್ತದೆ. ಜಾಲತಾಣ ಮಾತ್ರ ಘಟಕ ಇಲ್ಲವೆಂದೇ ಹೇಳುತ್ತದೆ. ಡೆಬಿಯನ್ ಮಾದರಿಯಲ್ಲಿ ಆದೇಶ ಸಾಲಿನ ಪಿಎಚ್‌ಪಿಗೂ ಜಾಲತಾಣದ ಪಿಎಚ್‌ಪಿಗೂ ಸಂರಚನಾ ಕಡತಗಳು ಬೇರೆ ಬೇರೆ ಇರುವುದೇ ಇದಕ್ಕೆ ಕಾರಣ. ಒಂದೇ ಸರ್ವರಿನಲ್ಲಿ ಪಿಎಚ್‌ಪಿಯ ಎರಡು ಆವೃತ್ತಿಗಳಿದ್ದರೆ ಗೊಂದಲ ಇನ್ನೂ ಹೆಚ್ಚುತ್ತದೆ. ಜಾಲತಾಣ ಬಳಸುತ್ತಿರುವ ಆವೃತ್ತಿ ಯಾವುದೆಂದು ಮೊದಲು ಖಚಿತಪಡಿಸಿಕೊಂಡು, ಅದೇ ಆವೃತ್ತಿಯ ಘಟಕವನ್ನು ಅಳವಡಿಸಬೇಕು.

ಕಡತ ಚಿಕ್ಕದು, ಚಿತ್ರ ದೊಡ್ಡದು

ಘಟಕ ಕೆಲಸ ಮಾಡತೊಡಗಿದ ಮೇಲೆ ಮೊದಲು ಎದುರಾಗುವುದು ಮೆಮೊರಿಯ ಪ್ರಶ್ನೆ. ಜೆಪೆಗ್ ಕಡತ ಸಂಕುಚಿತ ರೂಪದಲ್ಲಿರುತ್ತದೆ. ಅದನ್ನು ಸಂಸ್ಕರಿಸಲು ಪ್ರತಿಯೊಂದು ಪಿಕ್ಸೆಲ್ ಅನ್ನೂ ಮೆಮೊರಿಯಲ್ಲಿ ಹರಡಿಕೊಳ್ಳಬೇಕು. 4000 ಪಿಕ್ಸೆಲ್ ಅಗಲ, 3000 ಪಿಕ್ಸೆಲ್ ಎತ್ತರದ ಚಿತ್ರದಲ್ಲಿ 1.2 ಕೋಟಿ ಪಿಕ್ಸೆಲ್‌ಗಳಿರುತ್ತವೆ. ಜಿಡಿ ಪ್ರತಿ ಪಿಕ್ಸೆಲ್‌ಗೆ 4 ಬೈಟ್ ಬಳಸುವುದರಿಂದ ಒಂದು ಚಿತ್ರಕ್ಕೆ 48 ಮೆಗಾಬೈಟ್ ಬೇಕು. ಇಮೇಜ್‌ಮ್ಯಾಜಿಕ್‌ನ 16 ಬಿಟ್ ರೂಪದಲ್ಲಿ ಪ್ರತಿ ಪಿಕ್ಸೆಲ್‌ಗೆ 8 ಬೈಟ್, ಅಂದರೆ 96 ಮೆಗಾಬೈಟ್. ಎಚ್‌ಡಿಆರ್‌ಐ ಸೌಲಭ್ಯ ಸೇರಿದ ರೂಪದಲ್ಲಿ ಇದು 16 ಬೈಟ್‌ಗೆ ಏರಿ ಒಟ್ಟು 192 ಮೆಗಾಬೈಟ್ ಆಗುತ್ತದೆ. ಕುಗ್ಗಿಸುವಾಗ ಬೇಕಾಗುವ ಮಧ್ಯಂತರ ಪ್ರತಿಗಳ ಲೆಕ್ಕ ಇದರಲ್ಲಿ ಸೇರಿಲ್ಲ.

ಪಿಎಚ್‌ಪಿಯ ಮೂಲ ಮೆಮೊರಿ ಮಿತಿ 128 ಮೆಗಾಬೈಟ್ ಇರುವುದರಿಂದ ಅಪಾಯವಿಲ್ಲವೆಂದು ಭಾವಿಸುವಂತಿಲ್ಲ. ಇಮೇಜ್‌ಮ್ಯಾಜಿಕ್ ಪಡೆಯುವ ಮೆಮೊರಿ ಪಿಎಚ್‌ಪಿಯ ಆ ಲೆಕ್ಕಕ್ಕೆ ಒಳಪಡುವುದಿಲ್ಲ. 2 ಗಿಗಾಬೈಟ್ ಮೆಮೊರಿಯ ಬಾಡಿಗೆ ಸರ್ವರಿನಲ್ಲಿ ಏಕಕಾಲಕ್ಕೆ ಹತ್ತು ಚಿತ್ರಗಳು ಬಂದರೆ ಮೆಮೊರಿ ಬರಿದಾಗುತ್ತದೆ. ಆಗ ಲಿನಕ್ಸ್ ತಿರುಳು ಹೆಚ್ಚು ಮೆಮೊರಿ ಹಿಡಿದಿರುವ ಪ್ರಕ್ರಿಯೆಯನ್ನು ಆರಿಸಿ ಕೊನೆಗೊಳಿಸುತ್ತದೆ. ಅನೇಕ ಸಲ ಆ ಪ್ರಕ್ರಿಯೆ ದತ್ತಸಂಚಯದ್ದೇ ಆಗಿರುತ್ತದೆ. ಚಿತ್ರ ಕುಗ್ಗಿಸಲು ಹೋಗಿ ಇಡೀ ಜಾಲತಾಣವೇ ನಿಲ್ಲುತ್ತದೆ.

ಇದನ್ನೇ ಅಸ್ತ್ರವಾಗಿಸಿಕೊಳ್ಳುವವರೂ ಇದ್ದಾರೆ. ಉದ್ದಗಲ 50,000 ಪಿಕ್ಸೆಲ್ ಇರುವ, ಒಂದೇ ಬಣ್ಣದ ಪಿಎನ್‌ಜಿ ಚಿತ್ರವನ್ನು ಕೆಲವು ನೂರು ಕಿಲೋಬೈಟ್‌ಗಳ ಕಡತದಲ್ಲಿ ಅಡಗಿಸಿಡಬಹುದು. ಬಿಚ್ಚಿದಾಗ ಅದು 250 ಕೋಟಿ ಪಿಕ್ಸೆಲ್. ಪ್ರತಿ ಪಿಕ್ಸೆಲ್‌ಗೆ 8 ಬೈಟ್‌ನಂತೆ 20 ಗಿಗಾಬೈಟ್. ಹೀಗಾಗಿ ಕಡತದ ಗಾತ್ರಕ್ಕೆ ಮಿತಿ ಹಾಕಿದರೆ ಸಾಲದು. ಚಿತ್ರವನ್ನು ಬಿಚ್ಚುವ ಮೊದಲು ಅದರ ಶಿರೋಭಾಗವನ್ನಷ್ಟೇ ಓದಿ ಅಗಲ, ಎತ್ತರಗಳನ್ನು ಪರೀಕ್ಷಿಸಬೇಕು. ಇದಕ್ಕಾಗಿ ಪಿಎಚ್‌ಪಿಯಲ್ಲಿ ‘ಗೆಟ್‌ಇಮೇಜ್‌ಸೈಜ್’, ಇಮ್ಯಾಜಿಕ್‌ನಲ್ಲಿ ‘ಪಿಂಗ್‌ಇಮೇಜ್’ ಎಂಬ ಸೌಲಭ್ಯಗಳಿವೆ.

2016ರ ಪಾಠ

ಮೆಮೊರಿಗಿಂತಲೂ ಗಂಭೀರವಾದದ್ದು ಭದ್ರತೆಯ ಪ್ರಶ್ನೆ. 2016ರ ಮೇ 3ರಂದು ‘ಇಮೇಜ್‌ಟ್ರ್ಯಾಜಿಕ್’ ಎಂದು ಹೆಸರಾದ ದೋಷ ಬಹಿರಂಗವಾಯಿತು. ಇಮೇಜ್‌ಮ್ಯಾಜಿಕ್ ತನಗೆ ತಿಳಿಯದ ಕೆಲಸಗಳನ್ನು ಹೊರಗಿನ ಬೇರೆ ತಂತ್ರಾಂಶಗಳಿಗೆ ಒಪ್ಪಿಸುತ್ತದೆ. ಅಂಥ ಸಹಾಯಕ ತಂತ್ರಾಂಶಗಳನ್ನು ಡೆಲಿಗೇಟ್ ಎನ್ನುತ್ತಾರೆ. ಜಾಲದ ವಿಳಾಸವೊಂದರಿಂದ ಚಿತ್ರ ತರಬೇಕಾದಾಗ ಆ ವಿಳಾಸವನ್ನು ಒಂದು ಆದೇಶ ಸಾಲಿನಲ್ಲಿ ಸೇರಿಸಿ ಲಿನಕ್ಸ್ ಶೆಲ್‌ಗೆ ನೀಡಲಾಗುತ್ತಿತ್ತು. ವಿಳಾಸದಲ್ಲಿ ಉದ್ಧರಣ ಚಿಹ್ನೆಯನ್ನೂ ಶೆಲ್ ಅರ್ಥಮಾಡಿಕೊಳ್ಳುವ ಇತರ ಚಿಹ್ನೆಗಳನ್ನೂ ಸೇರಿಸಿಟ್ಟರೆ, ಮುಂದಿನ ಭಾಗವನ್ನು ಶೆಲ್ ತನಗೆ ಬಂದ ಆದೇಶವೆಂದೇ ತಿಳಿದು ನೆರವೇರಿಸುತ್ತಿತ್ತು.

ದಾಳಿಗೆ ಬೇಕಾದದ್ದು ಕೆಲವು ಸಾಲುಗಳ ಪಠ್ಯ ಕಡತ ಮಾತ್ರ. ಅದರ ಹೆಸರಿನ ಕೊನೆಯಲ್ಲಿ ಜೆಪಿಜಿ ಎಂದಿದ್ದರೂ ಅಡ್ಡಿಯಿರಲಿಲ್ಲ. ಇಮೇಜ್‌ಮ್ಯಾಜಿಕ್ ಹೆಸರನ್ನು ಬಿಟ್ಟು ಒಳಗಿನ ಬರಹವನ್ನು ನೋಡಿ ಮಾದರಿಯನ್ನು ಗುರುತಿಸುತ್ತಿತ್ತು. ಓದುಗರು ತಮ್ಮ ಭಾವಚಿತ್ರ ಏರಿಸಲು ಅವಕಾಶವಿದ್ದ ಯಾವುದೇ ತಾಣದ ಸರ್ವರ್ ಹೀಗೆ ಪರರ ವಶವಾಗುವ ಸಾಧ್ಯತೆಯಿತ್ತು. ದೊಡ್ಡ ಸಂಸ್ಥೆಗಳೂ ಇದಕ್ಕೆ ಹೊರತಾಗಿರಲಿಲ್ಲ. ಇದೇ ದೋಷದ ಮೂಲಕ ತನ್ನ ಸರ್ವರಿನಲ್ಲಿ ಆದೇಶ ನಡೆಸಬಹುದೆಂದು ತೋರಿಸಿಕೊಟ್ಟ ಸಂಶೋಧಕ ಆಂಡ್ರೇ ಲಿಯೊನೊವ್ ಅವರಿಗೆ ಫೇಸ್‌ಬುಕ್ 40,000 ಡಾಲರ್ ಬಹುಮಾನ ನೀಡಿತು. ಈ ಸಂಗತಿ 2017ರ ಜನವರಿಯಲ್ಲಿ ಪ್ರಕಟವಾಯಿತು.

2018ರ ಆಗಸ್ಟ್‌ನಲ್ಲಿ ಗೂಗಲ್‌ನ ಟಾವಿಸ್ ಒರ್ಮಂಡಿ ಅವರು ಪೋಸ್ಟ್‌ಸ್ಕ್ರಿಪ್ಟ್ ಮತ್ತು ಪಿಡಿಎಫ್ ಓದುವ ಗೋಸ್ಟ್‌ಸ್ಕ್ರಿಪ್ಟ್ ತಂತ್ರಾಂಶದ ರಕ್ಷಣಾ ಬೇಲಿಯನ್ನು ದಾಟುವ ದಾರಿಗಳನ್ನು ಬಯಲು ಮಾಡಿದರು. ಪಿಡಿಎಫ್ ಕಡತಗಳಿಗಾಗಿ ಇಮೇಜ್‌ಮ್ಯಾಜಿಕ್ ಅವಲಂಬಿಸಿರುವುದು ಇದನ್ನೇ. ಇದರ ಬಳಿಕ ಡೆಬಿಯನ್ ಮತ್ತು ಉಬುಂಟುಗಳು ಆ ಮಾದರಿಗಳಿಗೆ ನಿಷೇಧ ಹೇರಿದವು. ಪಿಡಿಎಫ್ ಪರಿವರ್ತನೆಗೆ ಅನುಮತಿಯಿಲ್ಲ ಎಂಬ ಸಂದೇಶದ ಹಿನ್ನೆಲೆ ಇದು. ಈ ಸಂದೇಶ ಕಂಡೊಡನೆ ನಿಷೇಧದ ಸಾಲನ್ನು ಅಳಿಸಿಬಿಡುವ ಸಲಹೆ ಅಂತರ್ಜಾಲದಲ್ಲಿ ಧಾರಾಳವಾಗಿ ಸಿಗುತ್ತದೆ. ಆ ಸಾಲು ಏಕೆ ಬಂತೆಂಬುದನ್ನು ಅರಿಯದೆ ಅಳಿಸುವುದು ಬಾಗಿಲ ಚಿಲಕವನ್ನೇ ಕಿತ್ತಿಟ್ಟಂತೆ.

2022ರ ಇನ್ನೊಂದು ದೋಷ ಇದಕ್ಕಿಂತ ಸೂಕ್ಷ್ಮವಾದದ್ದು. ಪಿಎನ್‌ಜಿ ಕಡತದೊಳಗೆ ಟಿಪ್ಪಣಿ ಬರೆಯಲು ಅವಕಾಶವಿದೆ. ‘ಪ್ರೊಫೈಲ್’ ಎಂಬ ಶೀರ್ಷಿಕೆಯ ಟಿಪ್ಪಣಿಯಲ್ಲಿ ಸರ್ವರಿನ ಯಾವುದಾದರೂ ಕಡತದ ಹೆಸರನ್ನು ಬರೆದಿಟ್ಟರೆ, ಚಿತ್ರವನ್ನು ಕುಗ್ಗಿಸುವಾಗ ಇಮೇಜ್‌ಮ್ಯಾಜಿಕ್ ಆ ಕಡತವನ್ನು ಓದಿ, ಹೊಸ ಚಿತ್ರದೊಳಗೆ ಅದರ ಪಠ್ಯವನ್ನು ಸೇರಿಸಿಬಿಡುತ್ತಿತ್ತು. ಕುಗ್ಗಿದ ಚಿತ್ರವನ್ನು ಇಳಿಸಿಕೊಂಡವರಿಗೆ ದತ್ತಸಂಚಯದ ಗುಪ್ತಪದವಿರುವ ಕಡತವೂ ಸಿಗಬಹುದಿತ್ತು. ಈ ದೋಷದ ವಿವರ 2023ರ ಫೆಬ್ರುವರಿಯಲ್ಲಿ ಪ್ರಕಟವಾಯಿತು. ಮೇಲಿನ ದೋಷಗಳೆಲ್ಲ ಹೊಸ ಆವೃತ್ತಿಗಳಲ್ಲಿ ನಿವಾರಣೆಯಾಗಿವೆ. ಆದರೆ ನವೀಕರಣ ಕಾಣದ ಹಳೆಯ ಸರ್ವರಿಗೆ ಅವು ಇಂದಿಗೂ ಅಪಾಯವೇ.

ಜಿಡಿಯೂ ದೋಷಮುಕ್ತವೇನಲ್ಲ, ಅದರಲ್ಲಿಯೂ ಕಾಲಕಾಲಕ್ಕೆ ಭದ್ರತಾ ದೋಷಗಳು ಪತ್ತೆಯಾಗಿವೆ. ಆದರೆ ಹೊರಗಿನ ತಂತ್ರಾಂಶಗಳನ್ನು ಕರೆಯುವ ಅಭ್ಯಾಸ ಅದಕ್ಕಿಲ್ಲ.

ನೀತಿ ಕಡತವೇ ಬೇಲಿ

ಇಮೇಜ್‌ಮ್ಯಾಜಿಕ್ ಏನು ಮಾಡಬಹುದು, ಏನು ಮಾಡಬಾರದು ಎಂಬುದನ್ನು ‘ಪಾಲಿಸಿ ಡಾಟ್ ಎಕ್ಸ್‌ಎಂಎಲ್’ ಎಂಬ ಕಡತ ನಿರ್ಧರಿಸುತ್ತದೆ. ಡೆಬಿಯನ್ 12ರಲ್ಲಿ ಇದು ಇಟಿಸಿ ಡೈರೆಕ್ಟರಿಯ ಒಳಗೆ ಇಮೇಜ್‌ಮ್ಯಾಜಿಕ್-6 ಎಂಬ ಹೆಸರಿನಡಿ ಇರುತ್ತದೆ. ಡೆಬಿಯನ್ 13ರಲ್ಲಿ ತಂತ್ರಾಂಶದ 7ನೇ ಆವೃತ್ತಿ ಬಂದಿರುವುದರಿಂದ ಸಂಖ್ಯೆಯೂ ಬದಲಾಗಿದೆ. ಹಳೆಯ ಸರ್ವರಿನಿಂದ ಹೊಸದಕ್ಕೆ ಬಂದವರು ತಮ್ಮ ಬದಲಾವಣೆಗಳನ್ನು ಹೊಸ ಕಡತದಲ್ಲಿ ಮತ್ತೆ ಬರೆಯಬೇಕು.

ಈ ಕಡತದಲ್ಲಿ ಗಮನಿಸಬೇಕಾದ ಅಂಶಗಳು ನಾಲ್ಕು.

ಮೊದಲನೆಯದು, ಮಾದರಿಗಳು. ಎಲ್ಲ ಮಾದರಿಗಳನ್ನೂ ನಿಷೇಧಿಸಿ, ಬಳಿಕ ಜೆಪೆಗ್, ಪಿಎನ್‌ಜಿ, ಜಿಫ್, ವೆಬ್‌ಪಿಗಳಿಗೆ ಮಾತ್ರ ಓದುವ ಮತ್ತು ಬರೆಯುವ ಅನುಮತಿ ನೀಡುವುದು ಸುರಕ್ಷಿತ ಕ್ರಮ. ಅಪಾಯಕಾರಿಯಾದ ಕೆಲವನ್ನು ಮಾತ್ರ ನಿಷೇಧಿಸುತ್ತ ಹೋದರೆ ನಾಳೆ ಹೊಸದೊಂದು ಉಳಿದುಕೊಂಡೀತು.

ಎರಡನೆಯದು, ಡೆಲಿಗೇಟ್‌ಗಳು. ಹೊರಗಿನ ತಂತ್ರಾಂಶದ ನೆರವು ಬೇಕಿಲ್ಲದ ತಾಣಗಳು ಇವನ್ನು ಪೂರ್ಣವಾಗಿ ನಿಷೇಧಿಸಬಹುದು. ಹೆಸರಿನ ಆರಂಭದಲ್ಲಿ ‘ಆಟ್’ ಚಿಹ್ನೆ ಬಳಸಿ ಬೇರೆ ಕಡತಗಳನ್ನು ಓದಿಸುವ ಸೌಲಭ್ಯಕ್ಕೂ ಇಲ್ಲಿಯೇ ತಡೆ ಹಾಕಬೇಕು.

ಮೂರನೆಯದು, ಸಂಪನ್ಮೂಲ ಮಿತಿಗಳು. ಡೆಬಿಯನ್ 12ರ ಮೂಲ ಕಡತದಲ್ಲಿ ಮೆಮೊರಿಗೆ 256 ಮೆಬಿಬೈಟ್, ಡಿಸ್ಕ್‌ಗೆ 1 ಗಿಬಿಬೈಟ್, ಅಗಲ ಮತ್ತು ಎತ್ತರಕ್ಕೆ ತಲಾ 16 ಸಾವಿರ ಪಿಕ್ಸೆಲ್ ಮಿತಿ ಇದೆ. ಇವುಗಳ ವರ್ತನೆ ಒಂದೇ ಬಗೆಯದಲ್ಲ. ಮೆಮೊರಿ ಮಿತಿ ಮೀರಿದ ಚಿತ್ರವನ್ನು ಇಮೇಜ್‌ಮ್ಯಾಜಿಕ್ ನಿರಾಕರಿಸುವುದಿಲ್ಲ. ಪಿಕ್ಸೆಲ್‌ಗಳನ್ನು ಡಿಸ್ಕ್‌ಗೆ ಸಾಗಿಸಿ ನಿಧಾನವಾಗಿ ಕೆಲಸ ಮುಂದುವರಿಸುತ್ತದೆ. ಅಗಲ, ಎತ್ತರದ ಮಿತಿ ಮೀರಿದಾಗ ಮಾತ್ರ ಚಿತ್ರವನ್ನೇ ತಿರಸ್ಕರಿಸುತ್ತದೆ. ಸುದ್ದಿತಾಣವೊಂದಕ್ಕೆ 16 ಸಾವಿರದಷ್ಟು ಅಗಲ ಬೇಕಾಗುವುದಿಲ್ಲ. ಅದನ್ನು 8 ಸಾವಿರಕ್ಕೆ ಇಳಿಸಿದರೂ ಕೆಲಸಕ್ಕೆ ತೊಡಕಾಗದು.

ನಾಲ್ಕನೆಯದು, ಥ್ರೆಡ್‌ಗಳ ಸಂಖ್ಯೆ. ಇಮೇಜ್‌ಮ್ಯಾಜಿಕ್ ಒಂದು ಚಿತ್ರಕ್ಕಾಗಿ ಹಲವು ಪ್ರೊಸೆಸರ್‌ಗಳನ್ನು ಒಟ್ಟಿಗೆ ಬಳಸಿಕೊಳ್ಳಬಲ್ಲದು. ಏಕಕಾಲಕ್ಕೆ ಹಲವರಿಗೆ ಸೇವೆ ನೀಡುವ ಜಾಲ ಸರ್ವರಿನಲ್ಲಿ ಇದನ್ನು ಒಂದಕ್ಕೆ ಸೀಮಿತಗೊಳಿಸುವುದು ಒಳಿತು.

ಬದಲಾವಣೆಗಳು ಜಾರಿಗೆ ಬಂದಿವೆಯೇ ಎಂಬುದನ್ನು ‘ಐಡೆಂಟಿಫೈ’ ಆದೇಶದ ಮೂಲಕ ನೀತಿಗಳ ಪಟ್ಟಿ ಪಡೆದು ಪರಿಶೀಲಿಸಬಹುದು. ಅಷ್ಟಕ್ಕೇ ತೃಪ್ತರಾಗದೆ, ನಿಷೇಧಿತ ಮಾದರಿಯ ಕಡತವೊಂದನ್ನು ಜಾಲತಾಣದ ಮೂಲಕವೇ ಏರಿಸಿ, ಅದು ತಿರಸ್ಕೃತವಾಗುವುದನ್ನು ಕಣ್ಣಾರೆ ನೋಡುವುದು ಖಚಿತ ವಿಧಾನ. ಇದರೊಂದಿಗೆ, ಏರಿಸಿದ ಕಡತಗಳಿರುವ ಡೈರೆಕ್ಟರಿಯಲ್ಲಿ ಪಿಎಚ್‌ಪಿ ಸಂಕೇತ ನಡೆಯದಂತೆ ವೆಬ್ ಸರ್ವರಿನಲ್ಲಿ ನಿರ್ಬಂಧಿಸಬೇಕು. ಜೆಪೆಗ್‌ನ ಟಿಪ್ಪಣಿಯೊಳಗೂ ಪಿಎಚ್‌ಪಿ ಸಂಕೇತವನ್ನು ಬಚ್ಚಿಡಲು ಸಾಧ್ಯ.

ಚಿತ್ರದ ಮೇಲೆ ಕನ್ನಡ

ಕನ್ನಡ ತಾಣಗಳಿಗೆ ವಿಶೇಷವಾದ ಸಮಸ್ಯೆಯೊಂದಿದೆ. ಸಾಮಾಜಿಕ ಜಾಲಗಳಲ್ಲಿ ಹಂಚಲು ಚಿತ್ರದ ಮೇಲೆ ಸುದ್ದಿಯ ಶೀರ್ಷಿಕೆಯನ್ನು ಸರ್ವರೇ ಬರೆಯುವಂತೆ ಮಾಡುವ ವ್ಯವಸ್ಥೆ ಈಗ ಸಾಮಾನ್ಯ. ಪಿಎಚ್‌ಪಿಯ ಜೊತೆ ಬರುವ ಜಿಡಿಯಿಂದ ಹೀಗೆ ಬರೆಸಿದರೆ ಅಕ್ಷರಗಳು ಒಡೆದು ಕಾಣುತ್ತವೆ. ‘ಕರ್ನಾಟಕ’ ಎಂಬ ಪದದಲ್ಲಿ ಅರ್ಕಾವೊತ್ತು ಮೂಡದೆ ರಕಾರ ಅರ್ಧಾಕ್ಷರವಾಗಿ ಬೇರೆಯೇ ನಿಲ್ಲುತ್ತದೆ. ‘ಶಾಸ್ತ್ರ’ದ ಒತ್ತಕ್ಷರಗಳು ಕೆಳಗಿಳಿಯದೆ ಸಾಲಾಗಿ ನಿಲ್ಲುತ್ತವೆ.

ಯೂನಿಕೋಡ್‌ನಲ್ಲಿ ಅಕ್ಷರಗಳು ಉಚ್ಚಾರಣೆಯ ಕ್ರಮದಲ್ಲಿ ದಾಖಲಾಗಿರುತ್ತವೆ. ಅವನ್ನು ಒತ್ತಕ್ಷರ, ಗುಣಿತಾಕ್ಷರಗಳ ರೂಪಕ್ಕೆ ಜೋಡಿಸುವ ಕೆಲಸ ಹಾರ್ಫ್‌ಬಜ್‌ನಂಥ ಪ್ರತ್ಯೇಕ ತಂತ್ರಾಂಶದ್ದು. ನುಡಿ, ಬರಹ ತಂತ್ರಾಂಶಗಳ ಹಳೆಯ ಸಂಕೇತ ಕ್ರಮದಲ್ಲಿ ಅಕ್ಷರದ ಆಕಾರಗಳೇ ಒಂದೊಂದಾಗಿ ದಾಖಲಾಗುತ್ತಿದ್ದುದರಿಂದ ಅಂದು ಈ ತೊಂದರೆ ಇರಲಿಲ್ಲ.

ಇಮೇಜ್‌ಮ್ಯಾಜಿಕ್‌ನಲ್ಲಿ ಇದಕ್ಕೆ ಪರಿಹಾರವಿದೆ. ಅದರ ಆವೃತ್ತಿಯ ವಿವರ ಕೇಳಿದಾಗ ಮೂಡುವ ಡೆಲಿಗೇಟ್‌ಗಳ ಸಾಲಿನಲ್ಲಿ ‘ರಕ್ಮ್’ ಅಥವಾ ‘ಪ್ಯಾಂಗೋಕೈರೊ’ ಎಂಬ ಹೆಸರಿದೆಯೇ ಎಂದು ನೋಡಬೇಕು. ರಕ್ಮ್ ಇದ್ದರೆ ಸಾಮಾನ್ಯ ಬರವಣಿಗೆಯೇ ಸರಿಯಾಗಿ ಮೂಡುತ್ತದೆ. ಪ್ಯಾಂಗೋಕೈರೊ ಮಾತ್ರ ಇದ್ದಲ್ಲಿ ‘ಪ್ಯಾಂಗೋ’ ಎಂಬ ಮಾದರಿಯ ಮೂಲಕ ಪಠ್ಯವನ್ನು ಬರೆಸಬೇಕು; ನೀತಿ ಕಡತದಲ್ಲಿ ಆ ಮಾದರಿಗೂ ಅನುಮತಿ ಬೇಕು. ಗುಬ್ಬಿ, ನವಿಲು ಅಥವಾ ನೋಟೋದ ಕನ್ನಡ ಫಾಂಟನ್ನು ಸರ್ವರಿನಲ್ಲೇ ಅಳವಡಿಸುವುದನ್ನು ಮರೆಯಬಾರದು. ಕಚೇರಿಯ ಗಣಕದಲ್ಲಿರುವ ಫಾಂಟ್ ಸರ್ವರಿಗೆ ಕಾಣದು.

ಚಿತ್ರದೊಳಗಿನ ಗುಟ್ಟು

ಫೋನುಗಳು ಚಿತ್ರದ ಜೊತೆಗೆ ಎಕ್ಸಿಫ್ ಎಂಬ ಮಾಹಿತಿಯನ್ನೂ ದಾಖಲಿಸುತ್ತವೆ. ಚಿತ್ರ ತೆಗೆದ ಸಮಯ, ಫೋನಿನ ಮಾದರಿಯ ಜೊತೆಗೆ ಸ್ಥಳದ ಅಕ್ಷಾಂಶ, ರೇಖಾಂಶಗಳೂ ಅದರಲ್ಲಿರಬಹುದು. 2012ರ ಡಿಸೆಂಬರ್‌ನಲ್ಲಿ ವೈಸ್ ಪತ್ರಿಕೆ ಪ್ರಕಟಿಸಿದ ಒಂದೇ ಒಂದು ಚಿತ್ರದ ಇಂಥ ಮಾಹಿತಿಯಿಂದ, ತಲೆಮರೆಸಿಕೊಂಡಿದ್ದ ಜಾನ್ ಮೆಕಾಫಿ ಗ್ವಾಟೆಮಾಲದಲ್ಲಿರುವುದು ಜಗತ್ತಿಗೆ ತಿಳಿಯಿತು. ಅಕ್ರಮವೊಂದರ ಚಿತ್ರವನ್ನು ಗುಟ್ಟಾಗಿ ಕಳುಹಿಸಿದ ಗ್ರಾಮಸ್ಥರ ಮನೆಯ ನೆಲೆ ಹೀಗೆ ಬಯಲಾದರೆ ಅದರ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ.

ಜಿಡಿ ಚಿತ್ರವನ್ನು ಮತ್ತೆ ಬರೆಯುವಾಗ ಎಕ್ಸಿಫ್ ಮಾಹಿತಿ ತಾನಾಗಿಯೇ ಅಳಿದುಹೋಗುತ್ತದೆ. ಇಮ್ಯಾಜಿಕ್‌ನಲ್ಲಿ ‘ಸ್ಟ್ರಿಪ್‌ಇಮೇಜ್’ ಎಂದು ಪ್ರತ್ಯೇಕವಾಗಿ ಸೂಚಿಸಬೇಕು. ಚಿತ್ರ ಯಾವ ದಿಕ್ಕಿಗೆ ನೆಟ್ಟಗಿರಬೇಕೆಂಬ ಸೂಚನೆಯೂ ಎಕ್ಸಿಫ್‌ನಲ್ಲೇ ಇರುವುದರಿಂದ, ಅಳಿಸುವ ಮೊದಲು ಚಿತ್ರವನ್ನು ಸರಿಯಾದ ದಿಕ್ಕಿಗೆ ತಿರುಗಿಸಿಕೊಳ್ಳಬೇಕು. ಇಲ್ಲವಾದರೆ ನಿಂತ ವ್ಯಕ್ತಿ ಪುಟದಲ್ಲಿ ಮಲಗಿದಂತೆ ಕಾಣುತ್ತಾರೆ. ಕುಗ್ಗಿಸಿದ ಪ್ರತಿಗಳಿಂದ ಮಾಹಿತಿ ಅಳಿದರೂ ಮೂಲ ಕಡತ ಸರ್ವರಿನಲ್ಲಿ ಉಳಿದಿರುತ್ತದೆ. ಅದು ಸಾರ್ವಜನಿಕ ವಿಳಾಸದಲ್ಲಿ ಸಿಗದಂತೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ.

ಮುಗಿಯದ ಕೆಲಸ

2023ರ ಸೆಪ್ಟೆಂಬರ್‌ನಲ್ಲಿ ವೆಬ್‌ಪಿ ಚಿತ್ರಗಳನ್ನು ಓದುವ ಗ್ರಂಥಾಲಯದಲ್ಲಿ ಗಂಭೀರ ದೋಷ ಪತ್ತೆಯಾದಾಗ, ಗೂಗಲ್ ಕ್ರೋಮ್ ಬ್ರೌಸರಿನಷ್ಟೇ ತುರ್ತಾಗಿ ಸರ್ವರುಗಳನ್ನೂ ನವೀಕರಿಸಬೇಕಾಯಿತು. ಜಿಡಿ, ಇಮೇಜ್‌ಮ್ಯಾಜಿಕ್‌ಗಳೆರಡೂ ಆ ಗ್ರಂಥಾಲಯವನ್ನು ಅವಲಂಬಿಸಿದ್ದವು. ನವೀಕರಣದ ಪೊಟ್ಟಣ ಬಂದಿಳಿದರೂ, ಆಗಲೇ ನಡೆಯುತ್ತಿರುವ ಪಿಎಚ್‌ಪಿ ಪ್ರಕ್ರಿಯೆ ಹಳೆಯ ಗ್ರಂಥಾಲಯವನ್ನೇ ಮೆಮೊರಿಯಲ್ಲಿ ಹಿಡಿದಿರುತ್ತದೆ. ಸೇವೆಯನ್ನು ಮರು ಆರಂಭಿಸಿದ ಮೇಲಷ್ಟೇ ಹೊಸದು ಜಾರಿಗೆ ಬರುತ್ತದೆ. ಆದ್ದರಿಂದ ಭದ್ರತಾ ನವೀಕರಣಗಳನ್ನು ಸ್ವಯಂಚಾಲಿತಗೊಳಿಸುವುದರ ಜೊತೆಗೆ ಮರು ಆರಂಭದ ವ್ಯವಸ್ಥೆಯನ್ನೂ ಮಾಡಿಕೊಳ್ಳಬೇಕು.

ಹಂಚಿಕೆಯ ಸರ್ವರಿನಲ್ಲಿರುವ ತಾಣಗಳ ಮಾಲೀಕರಿಗೆ ನೀತಿ ಕಡತ ಬದಲಿಸುವ ಅಧಿಕಾರ ಇರುವುದಿಲ್ಲ. ಅಂಥವರು ಸೇವೆ ನೀಡುವ ಸಂಸ್ಥೆಯಿಂದ ಅಲ್ಲಿನ ಮಿತಿಗಳನ್ನು ಕೇಳಿ ತಿಳಿದುಕೊಳ್ಳಬಹುದು. ಸಮಾಧಾನಕರ ಉತ್ತರ ದೊರೆಯದಿದ್ದಲ್ಲಿ ಜಿಡಿಯಲ್ಲೇ ಮುಂದುವರಿಯುವುದು, ಚಿತ್ರ ಏರಿಸುವ ಅವಕಾಶವನ್ನು ಸಂಪಾದಕ ಸಿಬ್ಬಂದಿಗೆ ಮಾತ್ರ ಸೀಮಿತಗೊಳಿಸುವುದು ವಿವೇಕದ ನಡೆ. ಇಮ್ಯಾಜಿಕ್ ಇಲ್ಲವೆಂಬ ಸೂಚನೆ ಪುಟದಲ್ಲಿ ಹಾಗೆಯೇ ಉಳಿದರೂ ತಾಣಕ್ಕೆ ಅದರಿಂದ ಹಾನಿಯಿಲ್ಲ.